ಗಣಕ ಪ್ರಶ್ನೋತ್ತರ: ಲಿನಕ್ಸ್ ಹಾಕಿಸಿಕೊಂಡ ಮೇಲೆ ಮಾಡಬೇಕಾದದ್ದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ರೀತಿಯೇ ಬದಲಾಗಿದೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ವಿಂಡೋಸಿನ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಸಿಕೊಂಡವರು ಮುಂದೇನು ಎಂದು ಕೇಳುತ್ತಿದ್ದಾರೆ. ಮುಂದೆ ಬರುವ ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್ ಎಲ್ಲವೂ ಲಿನಕ್ಸಿನ ಬೇರೆ ಬೇರೆ ರೂಪಗಳು. ಸುರಕ್ಷತೆ ಮತ್ತು ಖಾಸಗಿತನಕ್ಕೆ ಸಂಬಂಧಿಸಿದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಕೇಳಿದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ನಿವೃತ್ತ ಶಿಕ್ಷಕಿ, ಸಾಗರ: ನನ್ನ ಹಳೆಯ ಲ್ಯಾಪ್‌ಟಾಪಿಗೆ ಅಣ್ಣನ ಮಗ ಲಿನಕ್ಸ್ ಮಿಂಟ್ ಹಾಕಿಕೊಟ್ಟ. "ಅತ್ತೆ, ಇದಕ್ಕೆ ವೈರಸ್ ಬರುವುದಿಲ್ಲ, ನೀವೇನೂ ಮಾಡಬೇಕಾಗಿಲ್ಲ" ಎಂದು ಹೇಳಿ ಹೋದ. ನನ್ನ ಪಿಂಚಣಿ ಕಾಗದಗಳು, ಪಾಸ್‌ಬುಕ್ಕಿನ ಸ್ಕ್ಯಾನ್, ಬರೆಯುತ್ತಿರುವ ಕಥೆಗಳ ಹಸ್ತಪ್ರತಿ ಎಲ್ಲವೂ ಅದರಲ್ಲೇ ಇವೆ. ನಿಶ್ಚಿಂತೆಯಿಂದ ಇರಬಹುದೇ?

ಅವನ ಮೊದಲ ಮಾತಿನಲ್ಲಿ ಹುರುಳಿದೆ, ಎರಡನೆಯದನ್ನು ನಾನು ಒಪ್ಪಲಾರೆ. ವಿಂಡೋಸಿಗೆಂದು ಬರೆದ ವೈರಸ್ ಮಿಂಟ್‌ನಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ವ್ಯವಸ್ಥೆಯ ಕಡತಗಳನ್ನು ಯಾರಾದರೂ ಮುಟ್ಟಬೇಕಾದರೆ ಲಿನಕ್ಸ್ ಪಾಸ್‌ವರ್ಡ್ ಕೇಳುತ್ತದೆ. ಇದನ್ನು ಕಂಡು ಎಲ್ಲವೂ ಭದ್ರವಾಗಿದೆ ಎಂದುಕೊಳ್ಳುವವರು ಬಹಳ ಮಂದಿ.

ಆದರೆ ಯಾವುದು ಕಳೆದುಹೋದರೆ ನಿಮಗೆ ನಿಜವಾದ ಸಂಕಟ? ವ್ಯವಸ್ಥೆಯ ಕಡತಗಳು ಹೋದರೆ ನಿಮ್ಮ ಅಣ್ಣನ ಮಗ ಒಂದು ಮಧ್ಯಾಹ್ನದಲ್ಲಿ ಮತ್ತೆ ಹಾಕಿಕೊಡುತ್ತಾನೆ. ಪಿಂಚಣಿ ಕಾಗದ, ಹಸ್ತಪ್ರತಿ, ಫೈರ್‌ಫಾಕ್ಸ್ ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳು, ನೀವು ಇಮೇಲ್‌ಗೆ ಲಾಗಿನ್ ಆಗಿರುವ ಗುರುತು ಇವೆಲ್ಲ ಇರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ. ನೀವು ಚಾಲನೆ ಮಾಡಿದ ಯಾವುದೇ ಪ್ರೋಗ್ರಾಂ ನಿಮ್ಮ ಹೆಸರಿನಲ್ಲೇ ನಡೆಯುವುದರಿಂದ ಆ ಫೋಲ್ಡರನ್ನು ಪಾಸ್‌ವರ್ಡ್ ಕೇಳದೆಯೇ ಓದಬಲ್ಲದು. ಕದಿಯುವವನಿಗೆ ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಮೇಲಿನ ಹಿಡಿತ, ಬೇಕಾಗಿಯೇ ಇಲ್ಲ. ಲಿನಕ್ಸ್ ತನ್ನನ್ನು ಗಟ್ಟಿಯಾಗಿ ಕಾಯ್ದುಕೊಳ್ಳುತ್ತದೆ, ನಿಮ್ಮ ಹೋಮ್ ಫೋಲ್ಡರನ್ನು ನೀವೇ ಕಾಯಬೇಕು. ಈ ಸಂಚಿಕೆಯ ಉಳಿದ ಉತ್ತರಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಹಾಗಾಗಿ ಮೊದಲನೆಯ ಕೆಲಸ, ತಂತ್ರಾಂಶವನ್ನು ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಿಕೊಳ್ಳುವುದು. ಮಿಂಟ್ 22ರಿಂದ, ತಯಾರಕರು ಯಾರೆಂದು ಖಚಿತವಾಗದ, ಫ್ಲ್ಯಾಟ್‌ಪ್ಯಾಕ್ ಎಂಬ ರೂಪದ ತಂತ್ರಾಂಶಗಳನ್ನು ಅದು ತೋರಿಸುವುದೇ ಇಲ್ಲ. ತೋರಿಸು ಎಂದು ನೀವಾಗಿ ಹೇಳಬಹುದು, ಹೇಳಬೇಡಿ. ಯಾವುದೋ ಜಾಲತಾಣ "ನೀವು ಮನುಷ್ಯರೆಂದು ಸಾಬೀತುಪಡಿಸಲು ಈ ಸಾಲನ್ನು ಟರ್ಮಿನಲ್‌ಗೆ ಅಂಟಿಸಿ" ಎಂದರೆ ಆ ಪುಟವನ್ನು ಮುಚ್ಚಿಬಿಡಿ. ಟರ್ಮಿನಲ್ ಎಂದರೆ ಯಂತ್ರಕ್ಕೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ. ನಿಜವಾದ ಯಾವ ಪರೀಕ್ಷೆಯೂ ಹಾಗೆ ಕೇಳುವುದಿಲ್ಲ.

ಎರಡನೆಯದು ಅಪ್‌ಡೇಟ್. ಪರದೆಯ ಕೆಳಗಿನ ಪಟ್ಟಿಯಲ್ಲಿ ಗುರಾಣಿಯ ಚಿತ್ರವೊಂದು ಇರುತ್ತದೆ. ಅದನ್ನು ಒತ್ತಿ, ಪ್ರಿಫರೆನ್ಸಸ್‌ನಲ್ಲಿ ಆಟೊಮೇಷನ್ ಎಂಬಲ್ಲಿಗೆ ಹೋಗಿ, ಅಪ್‌ಡೇಟ್‌ಗಳು ತಾವಾಗಿಯೇ ಬರುವಂತೆ ಮಾಡಿ. ಒಮ್ಮೆ ಮಾಡಿದರೆ ಸಾಕು. ಮಿಂಟ್ 22ರ ಸರಣಿಗೆ 2029ರವರೆಗೆ ಸುರಕ್ಷತಾ ತಿದ್ದುಪಡಿಗಳು ಬರುತ್ತವೆ.

ಮೂರನೆಯದು ಫೈರ್‌ಫಾಕ್ಸ್. ಪಾಸ್‌ವರ್ಡ್‌ಗಳನ್ನು ಅದರಲ್ಲಿ ಉಳಿಸಿದ್ದರೆ, ನಿಮ್ಮ ಲ್ಯಾಪ್‌ಟಾಪಿನ ಮುಂದೆ ಕುಳಿತ ಯಾರು ಬೇಕಾದರೂ ಅವನ್ನು ತೆರೆದು ಓದಬಹುದು. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಪ್ರೈಮರಿ ಪಾಸ್‌ವರ್ಡ್ ಎಂಬ ಆಯ್ಕೆ ಇದೆ, ಅದನ್ನು ಹಾಕಿ. ಅಲ್ಲೇ ಕೆಳಗೆ ಎಚ್‌ಟಿಟಿಪಿಎಸ್ ಮಾತ್ರ ಎಂಬ ಆಯ್ಕೆಯನ್ನೂ ಒತ್ತಿ. ಎಚ್‌ಟಿಟಿಪಿಎಸ್ ಎಂದರೆ ನಿಮಗೂ ಜಾಲತಾಣಕ್ಕೂ ನಡುವೆ ಹೋಗಿಬರುವುದನ್ನು ಗೂಢಲಿಪಿಯಲ್ಲಿ ಸಾಗಿಸುವ ಪದ್ಧತಿ. ಆಮೇಲೆ ಯುಬ್ಲಾಕ್ ಒರಿಜಿನ್ ಎಂಬ ವಿಸ್ತರಣೆಯನ್ನು ಸೇರಿಸಿಕೊಳ್ಳಿ. ಅದು ಜಾಹೀರಾತುಗಳ ಜೊತೆಗೆ ನಿಮ್ಮನ್ನು ಪುಟದಿಂದ ಪುಟಕ್ಕೆ ಹಿಂಬಾಲಿಸುವ ಜಾಡುಗಾರರನ್ನೂ ತಡೆಯುತ್ತದೆ. ಅದೇ ಹೆಸರನ್ನು ಹೋಲುವ ಬೇರೆ ವಿಸ್ತರಣೆಗಳೂ ಇವೆ, ಹೆಸರನ್ನು ಪೂರ್ತಿ ಓದಿ ಹಾಕಿಕೊಳ್ಳಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಮಿಂಟ್ ಮೊದಲ ದಿನವೇ ಟೈಮ್‌ಶಿಫ್ಟ್ ಇಟ್ಟುಕೊಳ್ಳಿ ಎನ್ನುತ್ತದೆ, ಜನ ಅದನ್ನೇ ಬ್ಯಾಕಪ್ ಎಂದು ತಿಳಿಯುತ್ತಾರೆ. ಟೈಮ್‌ಶಿಫ್ಟ್ ಉಳಿಸುವುದು ವ್ಯವಸ್ಥೆಯನ್ನು. ನಿಮ್ಮ ಕಡತಗಳನ್ನು ಅದು ಪೂರ್ವನಿಯೋಜಿತವಾಗಿ ಬಿಟ್ಟೇಬಿಡುತ್ತದೆ. ಡಿಸ್ಕ್ ಕೈಕೊಟ್ಟ ದಿನ ನಿಮ್ಮ ಹಸ್ತಪ್ರತಿ ಅದರಲ್ಲಿ ಸಿಗುವುದಿಲ್ಲ. ಮೆನುವಿನಲ್ಲಿ ಬ್ಯಾಕಪ್ ಟೂಲ್ ಎಂಬ ಬೇರೆ ಸಾಧನವಿದೆ. ಹೊರಗಿನ ಡಿಸ್ಕ್ ಒಂದನ್ನು ಸಿಕ್ಕಿಸಿ, ಅದರಿಂದ ಹೋಮ್ ಫೋಲ್ಡರಿನ ಪ್ರತಿ ತೆಗೆದು, ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಇವತ್ತು ಒಂದೇ ಒಂದು ಕೆಲಸ ಮಾಡಲು ಸಮಯವಿದೆ ಎಂದರೆ ಇದನ್ನೇ ಮಾಡಿ.

ತೆರಿಗೆ ಸಲಹೆಗಾರರು, ದಾವಣಗೆರೆ: ಬಸ್ಸಿನಲ್ಲಿ ನನ್ನ ಲ್ಯಾಪ್‌ಟಾಪ್ ಬ್ಯಾಗ್ ಕಳವಾಯಿತು. ಉಬುಂಟು ಇತ್ತು, ಲಾಗಿನ್ ಪಾಸ್‌ವರ್ಡ್ ಸಾಕಷ್ಟು ಕಠಿಣವಾಗಿತ್ತು. ಕಕ್ಷಿದಾರರ ಪ್ಯಾನ್, ಆಧಾರ್ ಪ್ರತಿಗಳು ಅದರಲ್ಲಿವೆ. ಕದ್ದವನು ಅವನ್ನು ನೋಡಬಲ್ಲನೇ? ಹೊಸ ಯಂತ್ರದಲ್ಲಿ ಏನು ಮಾಡಲಿ?

ನೋಡಬಲ್ಲ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರದಿದ್ದರೆ, ಅಂದರೆ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಗೆ ತಿರುಗಿಸಿರದಿದ್ದರೆ, ಲಾಗಿನ್ ಪಾಸ್‌ವರ್ಡ್ ಎಷ್ಟು ಕಠಿಣವಾಗಿದ್ದರೂ ನಿಮ್ಮ ಕಡತಗಳಿಗೆ ಅದರಿಂದ ರಕ್ಷಣೆ ಇಲ್ಲ. ಅದು ಹೇಗೆಂದು ನನ್ನ ಬಳಿ ಕಲಿಯಲು ಬರುವವರಿಗೆ ಕಣ್ಣೆದುರೇ ತೋರಿಸುತ್ತೇನೆ. ಉಬುಂಟು ಇರುವ ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪ್ ಆನ್ ಮಾಡಿದರೆ "ಪ್ರಯತ್ನಿಸಿ ನೋಡಿ" ಎಂಬ ಆಯ್ಕೆ ಬರುತ್ತದೆ. ಅದನ್ನು ಒತ್ತಿ, ಫೈಲ್ಸ್ ತೆರೆದು, ಎಡಗಡೆಯಲ್ಲಿ ಕಾಣುವ ಒಳಗಿನ ಡಿಸ್ಕಿನ ಮೇಲೆ ಒತ್ತಿದರೆ ಒಳಗಿನದೆಲ್ಲ ತೆರೆದುಕೊಳ್ಳುತ್ತದೆ. ಹೋಮ್ ಫೋಲ್ಡರಿಗೆ ಬೀಗದ ಗುರುತು ಇದ್ದರೂ ಪೆನ್‌ಡ್ರೈವಿನಿಂದ ಓಡುವ ವ್ಯವಸ್ಥೆಯಲ್ಲಿ ಕುಳಿತವನೇ ಯಜಮಾನ, ಒಂದೇ ಆಜ್ಞೆಯಲ್ಲಿ ಅದನ್ನೂ ತೆರೆಯುತ್ತಾನೆ. ನಿಮ್ಮ ಲಾಗಿನ್ ಪರದೆ ಇಷ್ಟರಲ್ಲಿ ಒಮ್ಮೆಯೂ ಎದುರಾಗಿರುವುದಿಲ್ಲ.

ನಿಮ್ಮ ವೃತ್ತಿಯಲ್ಲಿ ಅಪಾಯ ಇನ್ನೂ ಒಂದು ತೂಕ ಹೆಚ್ಚು. ಇ–ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ. ಅದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ. ತೆರಿಗೆ ವಿವರ ಸಲ್ಲಿಸಿದ್ದಕ್ಕೆ ಸಿಗುವ ಐಟಿಆರ್–ವಿ ಪಿಡಿಎಫ್‌ಗೆ ಪ್ಯಾನ್ ಮತ್ತು ಹುಟ್ಟಿದ ದಿನಾಂಕ. ತೆರಿಗೆ ಸಲಹೆಗಾರರ ಫೋಲ್ಡರುಗಳಿಗೆ ಹೆಸರಿಡುವ ರೂಢಿ ನಿಮಗೇ ಗೊತ್ತು: ಕಕ್ಷಿದಾರರ ಹೆಸರು, ಪಕ್ಕದಲ್ಲಿ ಪ್ಯಾನ್, ಒಳಗೆ ಎಲ್ಲರ ಜನ್ಮದಿನಾಂಕ ಬರೆದಿಟ್ಟ ಎಕ್ಸೆಲ್ ಹಾಳೆ. ಕಳ್ಳ ಊಹಿಸಬೇಕಾದದ್ದು ಏನೂ ಉಳಿಯುವುದಿಲ್ಲ.

ಈಗಲೇ ಮಾಡಬೇಕಾದವನ್ನು ಹೇಳುತ್ತೇನೆ. ಬೇರೆ ಯಂತ್ರದಿಂದ ಮೊದಲು ಇಮೇಲ್‌ನ ಪಾಸ್‌ವರ್ಡ್ ಬದಲಿಸಿ, "ಎಲ್ಲ ಸಾಧನಗಳಿಂದ ಹೊರಬನ್ನಿ" ಎಂಬುದನ್ನು ಒತ್ತಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಾವಣೆ ಆ ಇಮೇಲ್ ಮೂಲಕವೇ ನಡೆಯುವುದರಿಂದ ಈ ಕ್ರಮ ತಪ್ಪಬಾರದು. ಅನಂತರ ಆದಾಯ ತೆರಿಗೆ, ಜಿಎಸ್‌ಟಿ ಪೋರ್ಟಲ್‌ಗಳು, ಬ್ಯಾಂಕು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬ್ಯಾಗಿನಲ್ಲೇ ಇದ್ದಿದ್ದರೆ, ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಇಂದೇ ತಿಳಿಸಿ ಅದನ್ನು ರದ್ದು ಮಾಡಿಸಿ. ಟೋಕನ್ ಮೇಲೆ ಪಿನ್ ಬರೆದ ಚೀಟಿ ಅಂಟಿಸುವ ಅಭ್ಯಾಸವನ್ನು ನಾನು ಹಲವು ಕಚೇರಿಗಳಲ್ಲಿ ಕಂಡಿದ್ದೇನೆ. ಪೊಲೀಸ್ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಕಕ್ಷಿದಾರರಿಗೂ ತಿಳಿಸಿ. ಕಷ್ಟದ ಮಾತು, ಆದರೆ ಕಾಗದಗಳು ಅವರವು. ಯಾರಾದರೂ ತಮ್ಮ ಹೆಸರಿನಲ್ಲಿ ಸಾಲ ಎತ್ತಿದ್ದಾರೆಯೇ ಎಂದು ನೋಡಿಕೊಳ್ಳುವ ಅವಕಾಶ ಅವರಿಗೆ ಸಿಗಬೇಕು.

ಹೊಸ ಯಂತ್ರದ ವಿಷಯ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಲ್ಲದರಲ್ಲೂ ವ್ಯವಸ್ಥೆ ಹಾಕುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇದೆ. ಇದರ ಹಿಂದಿರುವ ವ್ಯವಸ್ಥೆಯ ಹೆಸರು ಲಕ್ಸ್. ಅದನ್ನು ಆರಿಸಿದರೆ ಪ್ರತಿ ಬಾರಿ ಆನ್ ಮಾಡಿದಾಗಲೂ ಮೊದಲು ಒಂದು ಪಾಸ್‌ಫ್ರೇಸ್, ಅಂದರೆ ಹಲವು ಪದಗಳ ಉದ್ದನೆಯ ಪಾಸ್‌ವರ್ಡ್, ಕೇಳುತ್ತದೆ. ಅದಿಲ್ಲದೆ ಡಿಸ್ಕ್ ಕಿತ್ತು ಬೇರೆಡೆ ಸಿಕ್ಕಿಸಿದರೂ ಅರ್ಥವಿಲ್ಲದ ಬೈಟುಗಳಷ್ಟೇ ಕಾಣುತ್ತವೆ. ಈಗಾಗಲೇ ಬಳಕೆಯಲ್ಲಿರುವ ಯಂತ್ರವನ್ನು ಹಾಗೆಯೇ ಎನ್‌ಕ್ರಿಪ್ಟ್ ಮಾಡುವ ದಾರಿಯೂ ಇದೆ, ಆದರೆ ನಡುವೆ ಕರೆಂಟ್ ಹೋದರೆ ಫಜೀತಿ. ಕಡತಗಳ ಪ್ರತಿ ತೆಗೆದಿಟ್ಟುಕೊಂಡು ಹೊಸದಾಗಿ ಹಾಕುವುದೇ ಸರಿಯಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾಸ್‌ಫ್ರೇಸ್ ಆರಿಸುವಾಗ ಸ್ವಲ್ಪ ಕುಳಿತು ಯೋಚಿಸಿ. ಮಕ್ಕಳ ಹೆಸರು, ಮನೆದೇವರ ಹೆಸರು, ಎಲ್ಲರ ಬಾಯಲ್ಲಿರುವ ವಚನದ ಸಾಲು ಬೇಡ. ಕನ್ನಡ ನಿಘಂಟನ್ನು ಆರು ಕಡೆ ಕಣ್ಣುಮುಚ್ಚಿ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ಪದಗಳನ್ನು ಜೋಡಿಸಿ. "ಕಣಜ ಮಿಂಚುಳ್ಳಿ ಸುಂಕ ತೊಗಟೆ ನಗಾರಿ ಕೊಡತಿ" ಎಂಬಂಥದ್ದು. ಅಚ್ಚಾಗಿಬಿಟ್ಟಿರುವುದರಿಂದ ಇದನ್ನೇ ಇಟ್ಟುಕೊಳ್ಳಬೇಡಿ. ಇದಕ್ಕೆ ಅರ್ಥವಿಲ್ಲದಿರುವುದೇ ಅದರ ಬಲ. ಒಂದು ಎಚ್ಚರಿಕೆ: ಯಂತ್ರ ಎದ್ದೇಳುವ ಆ ಹಂತದಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲ. ಪದಗಳು ಕನ್ನಡದವಾದರೂ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ದೀರ್ಘಕ್ಕೆ ಅಕ್ಷರವನ್ನು ಎರಡು ಸಲ ಒತ್ತುತ್ತೀರೋ ಒಂದೇ ಸಲವೋ, "ತ"ಕ್ಕೆ "ಎಚ್" ಸೇರಿಸುತ್ತೀರೋ ಇಲ್ಲವೋ, ಇವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಕಾಗದದಲ್ಲಿ ಬರೆದಿಡುವುದು ತಪ್ಪಲ್ಲ. ಮನೆಯ ಪತ್ರಗಳ ಜೊತೆ, ಬ್ಯಾಂಕ್ ಲಾಕರಿನಲ್ಲಿ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲ. ಮರೆತರೆ ಪ್ರಪಂಚದಲ್ಲಿ ಯಾರೂ ತೆರೆದುಕೊಡಲಾರರು. ಲಕ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಪಾಸ್‌ಫ್ರೇಸ್ ಇಡಬಹುದು. ಎರಡನೆಯದೊಂದನ್ನು ಸೇರಿಸಿ ನಿಮ್ಮ ಮನೆಯವರಿಗೆ ಕೊಟ್ಟಿರಿ.

ಪ್ರಯಾಣ ಮಾಡುವಾಗ ಲ್ಯಾಪ್‌ಟಾಪಿನ ಮುಚ್ಚಳ ಮಡಚಿದರೆ ಸಾಲದು, ಪೂರ್ತಿ ಆಫ್ ಮಾಡಿ. ಬರೀ ಮಡಚಿದಾಗ ಅದು ನಿದ್ದೆಯಲ್ಲಿರುತ್ತದೆ, ಡಿಸ್ಕಿನ ಕೀಲಿ ಮೆಮೊರಿಯಲ್ಲೇ ಉಳಿದಿರುತ್ತದೆ. ಬ್ಯಾಕಪ್ ಡಿಸ್ಕನ್ನೂ ಎನ್‌ಕ್ರಿಪ್ಟ್ ಮಾಡಿ, ಡಿಸ್ಕ್ಸ್ ಎಂಬ ಸಾಧನದಲ್ಲಿ ಫಾರ್ಮ್ಯಾಟ್ ಮಾಡುವಾಗ ಆ ಆಯ್ಕೆ ಸಿಗುತ್ತದೆ. ಕಕ್ಷಿದಾರರಿಂದ ಆಧಾರ್ ಪ್ರತಿ ಕೇಳುವಾಗ ಪೂರ್ತಿ ಸಂಖ್ಯೆ ಬೇಕಿಲ್ಲದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು ಎನ್ನಿ. ನಿಮ್ಮಲ್ಲಿ ಇಲ್ಲದ್ದನ್ನು ಯಾರೂ ಕದಿಯಲಾರರು.

ಪ್ರಕಾಶಕರು, ಬೆಂಗಳೂರು: ಬ್ರೌಸರಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವ ಸೇವೆಯನ್ನು ಬಳಸುತ್ತೇನೆ. ನಾನು ಟೈಪ್ ಮಾಡಿದ್ದು ಎಲ್ಲಿಗಾದರೂ ಹೋಗುತ್ತದೆಯೇ?

ಪದಗಳನ್ನು ದೂರದ ಸರ್ವರ್‌ನಲ್ಲಿ ಊಹಿಸಿ ಕೊಡುವ ಸೇವೆಯಾದರೆ ಹೋಗುತ್ತದೆ, ಹೋಗದೆ ಅದು ಊಹಿಸಲಾರದು. ಇದು ಸಣ್ಣ ವಿಷಯವಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2024ರ ಏಪ್ರಿಲ್‌ನಲ್ಲಿ ಚೀನೀ ಲಿಪಿ ಟೈಪ್ ಮಾಡುವ ಕೀಬೋರ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಒಂಬತ್ತು ಕಂಪನಿಗಳ ಪೈಕಿ ಎಂಟರ ಆ್ಯಪ್‌ಗಳಲ್ಲಿ, ಬಳಸುವವರು ಒತ್ತಿದ ಕೀಲಿಗಳನ್ನು ದಾರಿಯಲ್ಲೇ ಓದಲು ಬಿಡುವಂಥ ಗಂಭೀರ ದೋಷಗಳಿದ್ದವು. ಕನ್ನಡಕ್ಕೆ ಆ ಗತಿ ಬೇಕಿಲ್ಲ. ಲಿನಕ್ಸಿನಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಎಂ17ಎನ್ ಎಂಬ ಪೊಟ್ಟಣ ಸೇರಿಸಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಲಿಪ್ಯಂತರದ ಕೀಲಿಮಣೆ ವಿನ್ಯಾಸಗಳು ಸಿಗುತ್ತವೆ. ನುಡಿ ತಂತ್ರಾಂಶ ಬಳಸಿದ ಕೈಗೆ ಕೆಜಿಪಿ ಹೊಸದಲ್ಲ. ಎಲ್ಲವೂ ನಿಮ್ಮ ಯಂತ್ರದೊಳಗೇ ನಡೆಯುತ್ತದೆ, ಇಂಟರ್‌ನೆಟ್ ಕಿತ್ತುಹಾಕಿದರೂ ಕನ್ನಡ ಮೂಡುತ್ತದೆ. ಅಚ್ಚಿಗೆ ಹೋಗುವ ಮುನ್ನ ಲೇಖಕರೊಬ್ಬರ ಬರಹ ನಿಮ್ಮಿಬ್ಬರ ನಡುವೆ ಮಾತ್ರ ಇರಬೇಕು. ಈ ಅಂಕಣವನ್ನು ನಾನು ಡೆಬಿಯನ್‌ನಲ್ಲಿ ಹೀಗೆಯೇ ಬರೆಯುತ್ತೇನೆ.

ಇಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ: ಹಾಸ್ಟೆಲಿನ ವೈಫೈ ನೂರಾರು ಜನರದು. ಉಬುಂಟುವಿನಲ್ಲಿ ಫೈರ್‌ವಾಲ್ ಬೇಕೇ? ಪ್ರೈವೇಟ್ ವಿಂಡೋ ಬಳಸಿದರೆ ಹಾಸ್ಟೆಲಿನವರಿಗೆ ಏನೂ ಕಾಣುವುದಿಲ್ಲವಂತೆ, ನಿಜವೇ?

ಫೈರ್‌ವಾಲ್ ಬೇಕು. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಇದ್ದೇ ಇರುತ್ತದೆ, ಆದರೆ ಚಾಲೂ ಆಗಿರುವುದಿಲ್ಲ. ಟರ್ಮಿನಲ್‌ನಲ್ಲಿ "ಸುಡೋ ಯುಎಫ್‌ಡಬ್ಲ್ಯು ಎನೇಬಲ್" ಎಂದು ಇಂಗ್ಲಿಷಿನಲ್ಲಿ ಕೊಟ್ಟರೆ ಮುಗಿಯಿತು: ಹೊರಗಿನಿಂದ ತಾನಾಗಿ ಬರುವುದಕ್ಕೆ ತಡೆ, ನೀವು ಹೊರಗೆ ಹೋಗುವುದಕ್ಕೆ ಅನುಮತಿ. ಮಿಂಟ್ ಬಳಸುವವರು ಮೆನುವಿನಲ್ಲಿ ಫೈರ್‌ವಾಲ್ ಕಾನ್ಫಿಗರೇಷನ್ ತೆರೆದು ಗುಂಡಿ ಒತ್ತಿದರೆ ಸಾಕು. ಫೆಡೋರಾದಲ್ಲಿ ಬೇರೆ ಫೈರ್‌ವಾಲ್ ಮೊದಲಿನಿಂದಲೇ ಚಾಲೂ ಇರುತ್ತದೆ.

"ನನ್ನ ಲ್ಯಾಪ್‌ಟಾಪ್ ಸರ್ವರ್ ಅಲ್ಲವಲ್ಲ, ಯಾರು ಬಂದಾರು" ಎನ್ನುವವರಿಗೆ 2024ರ ಸೆಪ್ಟೆಂಬರ್ ನೆನಪಿಸುತ್ತೇನೆ. ಇಟಲಿಯ ಸಿಮೋನೆ ಮಾರ್ಗರಿಟೆಲ್ಲಿ ಎಂಬ ಸಂಶೋಧಕ ಲಿನಕ್ಸಿನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನಲ್ಲಿ ದೋಷಗಳ ಸರಣಿಯನ್ನೇ ಹೊರಗೆಡವಿದ. ಜಾಲದಲ್ಲಿರುವ ಪ್ರಿಂಟರುಗಳನ್ನು ಹುಡುಕಿಕೊಡುವ ಒಂದು ಪುಟ್ಟ ಪ್ರೋಗ್ರಾಂ 631ನೇ ಪೋರ್ಟ್ ಎಂಬ ಜಾಲದ ಬಾಗಿಲಲ್ಲಿ ಕಿವಿಗೊಟ್ಟು ಕುಳಿತಿರುತ್ತಿತ್ತು, ಯಾರು ಮಾತಾಡಿಸಿದರೂ ನಂಬುತ್ತಿತ್ತು. ಅದೇ ವೈಫೈನಲ್ಲಿದ್ದ ಯಾರಾದರೂ ತಾನೊಂದು ಪ್ರಿಂಟರ್ ಎಂದು ಹೇಳಿಕೊಂಡು ನಿಮ್ಮ ಪಟ್ಟಿಗೆ ಸೇರಬಹುದಿತ್ತು. ನೀವು ಅದಕ್ಕೆ ಒಂದು ಪುಟ ಮುದ್ರಿಸಲು ಕೊಟ್ಟ ಗಳಿಗೆಯಲ್ಲಿ ಅವರ ಆಜ್ಞೆ ನಿಮ್ಮ ಯಂತ್ರದಲ್ಲಿ ಓಡುತ್ತಿತ್ತು. ತಿದ್ದುಪಡಿ ಬಂದಿದೆ. ಫೈರ್‌ವಾಲ್ ಹಾಕಿಕೊಂಡಿದ್ದವರಿಗೆ ತಿದ್ದುಪಡಿಗೆ ಮುಂಚೆಯೇ ಈ ದಾರಿ ಮುಚ್ಚಿತ್ತು.

ಪ್ರೈವೇಟ್ ವಿಂಡೋ ಬಗ್ಗೆ ನೀವು ಕೇಳಿದ್ದು ಸರಿಯಲ್ಲ. ಅದು ನಿಮ್ಮದೇ ಯಂತ್ರದಲ್ಲಿ ಜಾಡು ಉಳಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಎಚ್‌ಟಿಟಿಪಿಎಸ್ ಇದ್ದರೆ ಪುಟದಲ್ಲಿ ಏನಿದೆ, ಏನು ಬರೆದಿರಿ ಎಂಬುದು ಹಾಸ್ಟೆಲಿನವರಿಗೆ ಕಾಣದು, ಯಾವ ತಾಣಕ್ಕೆ ಹೋದಿರಿ ಎಂಬುದು ಮಾತ್ರ ಸಾಮಾನ್ಯವಾಗಿ ಕಾಣುತ್ತದೆ. ನಿಮ್ಮ ಸಂಚಾರವನ್ನೆಲ್ಲ ಬೇರೊಂದು ಕಂಪನಿಯ ಮೂಲಕ ಗುಟ್ಟಾಗಿ ಸಾಗಿಸುವ ವಿಪಿಎನ್ ಹಾಕಿದರೆ ಅದೂ ಕಾಣದು, ಆದರೆ ಆಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಪುಕ್ಕಟೆ ವಿಪಿಎನ್‌ಗಿಂತ ಹಾಸ್ಟೆಲಿನ ವಾರ್ಡನ್ ವಾಸಿ. ಇನ್ನೊಂದು ಮಾತು: ಕೆಲವು ಸಂಸ್ಥೆಗಳು ವೈಫೈ ಕೊಡಬೇಕಾದರೆ ತಮ್ಮ ಪ್ರಮಾಣಪತ್ರವೊಂದನ್ನು ಬ್ರೌಸರಿಗೆ ಸೇರಿಸಿಕೊಳ್ಳಿ ಎನ್ನುತ್ತವೆ. ಸೇರಿಸಿಕೊಂಡರೆ ಎಚ್‌ಟಿಟಿಪಿಎಸ್‌ನ ಒಳಗಿರುವುದನ್ನೂ ನಡುವೆ ನಿಂತು ಓದುವ ಸಾಮರ್ಥ್ಯ ಅವರಿಗೆ ಬರುತ್ತದೆ. ನಿಮ್ಮ ಸ್ವಂತ ಯಂತ್ರಕ್ಕೆ ಅದನ್ನು ಹಾಕಬೇಡಿ. ಬ್ಯಾಂಕಿನ ಕೆಲಸವಿದ್ದರೆ ಮೊಬೈಲ್ ಡೇಟಾ ಬಳಸಿ.

ಉಪನ್ಯಾಸಕರು, ಮಂಗಳೂರು: ಮುಕ್ತ ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು, ಆದ್ದರಿಂದ ಸುರಕ್ಷಿತ ಎನ್ನುತ್ತಾರೆ. ದುಷ್ಟರೂ ನೋಡಬಹುದಲ್ಲವೇ? ಅವರೇ ಒಳಗೆ ಸೇರಿಕೊಂಡರೆ?

ಸೇರಿಕೊಂಡೇ ಇದ್ದರು. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಸಣ್ಣ ತಂತ್ರಾಂಶ, ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುತ್ತದೆ. ಅದನ್ನು ಲಾಸ್ಸೆ ಕೊಲಿನ್ ಎಂಬ ಫಿನ್‌ಲೆಂಡಿನ ವ್ಯಕ್ತಿ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2021ರ ಹೊತ್ತಿಗೆ "ಜಿಯಾ ಟಾನ್" ಎಂಬ ಹೆಸರಿನವರು ಸಹಾಯಕ್ಕೆ ಬಂದರು. 2022ರಲ್ಲಿ ಬೇರೆ ಬೇರೆ ಹೆಸರುಗಳಿಂದ, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಅಧಿಕಾರ ಕೊಡಿ ಎಂದು ಕೊಲಿನ್ ಮೇಲೆ ಒತ್ತಡದ ಪತ್ರಗಳು ಬಂದವು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಉತ್ತರಿಸಬೇಕಾಯಿತು. ಕಡೆಗೆ ಜಿಯಾ ಟಾನ್‌ಗೆ ಅಧಿಕಾರ ಸಿಕ್ಕಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ದೂರದಿಂದ ಯಂತ್ರದೊಳಗೆ ನುಗ್ಗಲು ಒಂದು ಕಳ್ಳದಾರಿ ಅಡಗಿತ್ತು.

ನಿಮ್ಮ ಪ್ರಶ್ನೆಗೆ ಮುಖ್ಯವಾದ ವಿವರ ಇಲ್ಲಿದೆ. ವಿಷವನ್ನು ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಅಡಗಿಸಿದ್ದರು. ಅದನ್ನು ಎಬ್ಬಿಸುವ ತುಣುಕನ್ನು ಎಲ್ಲರೂ ಓದುವ ಸಂಕೇತ ಭಂಡಾರದಲ್ಲಿ ಇಡದೆ, ಬಿಡುಗಡೆಯ ಕಟ್ಟಿನೊಳಗೆ ಮಾತ್ರ ಸೇರಿಸಿದ್ದರು. ಹೀಗಾಗಿ ಭಂಡಾರವನ್ನು ಓದಿದವರಿಗೂ ಪೂರ್ತಿ ಚಿತ್ರ ಸಿಗುತ್ತಿರಲಿಲ್ಲ.

ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ವೇಗವನ್ನು ಅಳೆಯುತ್ತಿದ್ದಾಗ, ಡೆಬಿಯನ್‌ನ ಪ್ರಯೋಗದ ಆವೃತ್ತಿಯಲ್ಲಿ ದೂರದಿಂದ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಅವರು ಎಳೆ ಹಿಡಿದು ಹೋಗಿ, ಸಂಕೇತವನ್ನು ಬಿಚ್ಚಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಡೆಬಿಯನ್ ಮತ್ತು ಫೆಡೋರಾದ ಪ್ರಯೋಗದ ಆವೃತ್ತಿಗಳಿಗೆ ಅದು ತಲುಪಿತ್ತು, ಜನಸಾಮಾನ್ಯರು ಬಳಸುವ ಸ್ಥಿರ ಆವೃತ್ತಿಗಳಿಗೆ ತಲುಪಿರಲಿಲ್ಲ.

ಎಲ್ಲರೂ ನೋಡಬಹುದು ಎಂದ ಮಾತ್ರಕ್ಕೆ ಯಾರೋ ನೋಡಿದ್ದಾರೆ ಎಂದಲ್ಲ. ಆದರೆ ಅನುಮಾನ ಬಂದವನಿಗೆ ಬಾಗಿಲು ತೆರೆದಿತ್ತು, ಯಾರ ಅನುಮತಿಯನ್ನೂ ಕೇಳದೆ ಫ್ರಾಯಿಂಡ್ ಬುಡದವರೆಗೆ ಹೋದರು. ನಾನು ಮುಕ್ತ ತಂತ್ರಾಂಶದ ಪರ ನಿಲ್ಲುವುದು ಈ ಕಾರಣಕ್ಕೆ. ಉಬುಂಟು 2012ರ ಅಕ್ಟೋಬರ್ ಆವೃತ್ತಿಯಲ್ಲಿ, ಜನ ತಮ್ಮದೇ ಯಂತ್ರದಲ್ಲಿ ಹುಡುಕಿದ ಪದಗಳನ್ನು ಹೊರಗೆ ಕಳಿಸಿ ಅಮೆಜಾನ್‌ನ ಸರಕು ತೋರಿಸಲು ಶುರುಮಾಡಿದಾಗಲೂ ಹೀಗೆಯೇ ಬಳಕೆದಾರರು ಎದ್ದು ನಿಂತರು. 16.04ರ ಆವೃತ್ತಿಯಿಂದ ಅದು ತಾನಾಗಿ ಚಾಲೂ ಆಗುವುದು ನಿಂತಿತು.

ನಮ್ಮ ನಿಮ್ಮಂಥವರಿಗೆ ಇದರಿಂದ ಆಗಬೇಕಾದ್ದು ಎರಡು. ಕೆಲಸದ ಯಂತ್ರಕ್ಕೆ ಸ್ಥಿರ ಆವೃತ್ತಿಯನ್ನೇ ಹಾಕಿ, ಹೊಚ್ಚಹೊಸದರ ಆಸೆ ಬೇಡ. ಹಾಕುವ ಮುನ್ನ ಇಳಿಸಿಕೊಂಡ ಐಎಸ್‌ಒ, ಅಂದರೆ ಇಡೀ ವ್ಯವಸ್ಥೆ ಇರುವ ಕಡತದ ಸಹಿಯನ್ನು ಪರಿಶೀಲಿಸಿ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ತಿರುಚಿ, ಕಳ್ಳದಾರಿಯಿದ್ದ ಪ್ರತಿಯನ್ನು ಹಂಚಿದ್ದರು. ತಾಣವನ್ನೇ ಹಿಡಿದವರು ಅಲ್ಲಿ ಬರೆದ ಚೆಕ್‌ಸಮ್ಮನ್ನೂ, ಅಂದರೆ ಕಡತ ಬದಲಾಗಿದೆಯೇ ಎಂದು ತಾಳೆನೋಡುವ ಸಂಖ್ಯೆಯನ್ನೂ, ಬದಲಿಸಬಲ್ಲರು, ಆದ್ದರಿಂದ ತಯಾರಕರು ತಮ್ಮ ಗುಪ್ತ ಕೀಲಿಯಿಂದ ಹಾಕಿದ ಜಿಪಿಜಿ ಸಹಿಯನ್ನೂ ನೋಡಬೇಕು. ಮಿಂಟ್‌ನ ತಾಣದಲ್ಲಿ ಅದರ ಕ್ರಮವಿದೆ, ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನೊಂದು ಪ್ರಯೋಗವಾಗಿ ಮಾಡಿಸಿ. ನೀವು ದಿನವೂ ಬಳಸುವ ಒಂದು ತಂತ್ರಾಂಶವನ್ನು ಯಾರು ನಡೆಸುತ್ತಿದ್ದಾರೆಂದು ಹುಡುಕಿ, ಕೈಲಾದಷ್ಟು ಹಣ ಕಳಿಸಿ ಎಂದೂ ಕೇಳಿಕೊಳ್ಳುತ್ತೇನೆ. ಕೊಲಿನ್ ಅವರಂಥ ಒಂಟಿ ದುಡಿಮೆಗಾರರ ದಣಿವೇ ಕಳ್ಳರಿಗೆ ಸಿಕ್ಕ ಬಿರುಕು.

ಅಂಗಡಿ ಮಾಲೀಕರು, ಹಾವೇರಿ: ಜೆರಾಕ್ಸ್ ಅಂಗಡಿಗೆ ಕೊಟ್ಟು ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಕಡತಗಳು ಹೋದವೇ? ನನ್ನ ಮಿಂಟ್‌ಗೆ ಅಂಟುತ್ತದೆಯೇ?

ಹೋಗಿಲ್ಲ, ಅಂಟುವುದೂ ಇಲ್ಲ. ಇದು ವಿಂಡೋಸ್‌ನ ಶಾರ್ಟ್‌ಕಟ್ ವೈರಸ್. ಮಿಂಟ್‌ನಲ್ಲಿ ಪೆನ್‌ಡ್ರೈವ್ ತೆರೆದು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ, ಅಡಗಿರುವುದು ಏನಾದರೂ ಇದ್ದರೆ ಅದೂ ಕಾಣುತ್ತದೆ. ಸಾಮಾನ್ಯವಾಗಿ ಹೆಸರೇ ಇಲ್ಲದಂತೆ ತೋರುವ ಒಂದು ಫೋಲ್ಡರಿನೊಳಗೆ ನಿಮ್ಮ ಕಡತಗಳೆಲ್ಲ ಹಾಗೆಯೇ ಕುಳಿತಿರುತ್ತವೆ. ಅವನ್ನು ನಕಲು ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಹಾಗೆಯೇ ಬಿಟ್ಟರೆ ಅದನ್ನು ಸಿಕ್ಕಿಸುವ ಮುಂದಿನ ವಿಂಡೋಸ್ ಯಂತ್ರಕ್ಕೆ ರೋಗ ಹಂಚುವವರು ನೀವಾಗುತ್ತೀರಿ. ಮುದ್ರಣಕ್ಕೆಂದೇ ಬೇರೆ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಆ ದಿನ ಮುದ್ರಿಸಬೇಕಾದ ಕಡತವೊಂದೇ ಅದರಲ್ಲಿರಲಿ. ಅಂಗಡಿಯ ಇಮೇಲ್‌ಗೋ ವಾಟ್ಸ್‌ಆ್ಯಪ್‌ಗೋ ಆಧಾರ್ ಕಳಿಸಿದರೆ ಅದು ಅಲ್ಲೇ ಉಳಿಯುತ್ತದೆ ಎಂಬುದೂ ನೆನಪಿರಲಿ.

ಉದ್ಯೋಗಿ, ಮಸ್ಕತ್: ಕುಂದಾಪುರದಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಅವರ ಕಂಪ್ಯೂಟರಿಗೆ ರಜೆಯಲ್ಲಿ ಬಂದಾಗ ಮಿಂಟ್ ಹಾಕಿದ್ದೇನೆ. ತೊಂದರೆ ಬಂದರೆ ಇಲ್ಲಿಂದಲೇ ಸರಿಮಾಡುವ ವ್ಯವಸ್ಥೆ ಹೇಗೆ? ಬೇರೆಯವರು ಅದೇ ದಾರಿಯಲ್ಲಿ ಬಂದರೆ ಎಂಬ ಭಯವೂ ಇದೆ.

ನಿಮ್ಮ ಭಯ ಸರಿಯಾದದ್ದೇ. ಕೆವೈಸಿ ನೆಪದಲ್ಲಿ ಕರೆಮಾಡಿ, ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿ ಹಣ ಎತ್ತುವ ವಂಚಕರಿಗೆ ಯಂತ್ರದಲ್ಲಿ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ ಎಂಬುದು ದೊಡ್ಡ ಅಡ್ಡಿಯಲ್ಲ.

ರಸ್ಟ್‌ಡೆಸ್ಕ್ ಎಂಬ ಮುಕ್ತ ತಂತ್ರಾಂಶ ನಿಮ್ಮ ಕೆಲಸಕ್ಕೆ ಆಗುತ್ತದೆ. ಶಾಶ್ವತ ಪಾಸ್‌ವರ್ಡ್ ಇಡಬೇಡಿ. ಅಮ್ಮ ತಾವೇ ತೆರೆದು, ಪರದೆಯಲ್ಲಿ "ಒಪ್ಪಿಗೆ" ಒತ್ತಿದರೆ ಮಾತ್ರ ನೀವು ಒಳಗೆ ಬರುವಂತಿರಲಿ. ಯಂತ್ರದಲ್ಲಿ ಎರಡು ಖಾತೆ ಮಾಡಿ: ನಿಮ್ಮದು ಅಡ್ಮಿನಿಸ್ಟ್ರೇಟರ್, ಅಮ್ಮನದು ಸಾಮಾನ್ಯ. ಆಗ ಯಾರೋ ಫೋನಿನಲ್ಲಿ ಹೇಳಿಸಿ ವ್ಯವಸ್ಥೆಗೆ ಹೊಸದೇನನ್ನೋ ಸೇರಿಸಲು ಹೊರಟರೆ ಅಮ್ಮನಿಗೆ ಗೊತ್ತಿಲ್ಲದ ಪಾಸ್‌ವರ್ಡ್ ಅಡ್ಡ ಬರುತ್ತದೆ. ಪೂರ್ತಿ ತಡೆಯಲ್ಲ ಇದು, ಇಳಿಸಿಕೊಂಡ ಕೂಡಲೇ ಓಡುವಂಥ ತಂತ್ರಾಂಶಗಳೂ ಇವೆ. ಹಾಗಾಗಿ ಅಮ್ಮನ ಜೊತೆ ಒಂದು ಮಾತು ಆಡಿಕೊಳ್ಳಿ: ನೀವು ವಿಡಿಯೋ ಕರೆಯಲ್ಲಿ ಮುಖ ತೋರಿಸದೆ ಯಾರಿಗೂ, ನಿಮ್ಮ ದನಿಯಲ್ಲೇ ಕೇಳಿದರೂ, ರಸ್ಟ್‌ಡೆಸ್ಕ್ ತೆರೆಯುವುದಿಲ್ಲ. ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡದಿದ್ದರೆ ಇನ್ನೂ ಒಳ್ಳೆಯದು.

ಸೈಬರ್ ವಂಚನೆಯ ಸಹಾಯವಾಣಿ 1930. ಹಣ ಹೋದ ಕೂಡಲೇ ಕರೆ ಮಾಡಿದರೆ ಅದು ಕೈದಾಟುವ ಮುನ್ನ ಬ್ಯಾಂಕುಗಳಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ವಿದೇಶದಿಂದ ನೀವು ದಾರಿ ಹುಡುಕುತ್ತ ಕೂರುವ ಹೊತ್ತಿಗೆ ತಡವಾದೀತು. ಆ ಸಂಖ್ಯೆಯನ್ನೂ, ಓಡಿಬರಬಲ್ಲ ಪಕ್ಕದ ಮನೆಯವರ ಸಂಖ್ಯೆಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದು ಅಮ್ಮನ ಫೋನ್ ಇರುವ ಕಡೆ ಅಂಟಿಸಿ ಹೋಗಿ.